ತುಂಬಿದ ಕಣಜ, ಬರಿದಾದ ಸಾಸಿವೆ ಡಬ್ಬಿ: ಕುವೈತ್‌ನ ಸಾಲದ ಕಾಯ್ದೆ, 2017–2025

2020ರ ಆಗಸ್ಟ್‌ನಲ್ಲಿ ಕುವೈತ್‌ನ ಹಣಕಾಸು ಸಚಿವ ಬರ್ರಾಕ್ ಅಲ್ ಶೀತಾನ್ ಸಂಸತ್ತಿನ ಮುಂದೆ ಎರಡು ಅಂಕಿ ಇಟ್ಟರು. ಖಜಾನೆಯಲ್ಲಿ ಕೈಗೆ ಸಿಗುವ ನಗದು 200 ಕೋಟಿ ದೀನಾರ್. ತಿಂಗಳಿಗೆ ಅದರಿಂದ ತೆಗೆಯುತ್ತಿರುವುದು 170 ಕೋಟಿ ದೀನಾರ್. ಹೀಗೇ ನಡೆದರೆ ಅಕ್ಟೋಬರ್ ದಾಟಿದ ಮೇಲೆ ಸರ್ಕಾರಿ ನೌಕರರ ಸಂಬಳಕ್ಕೆ ದುಡ್ಡಿಲ್ಲ ಎಂದರು. ಒಂದು ದೀನಾರ್‌ಗೆ ಆಗ ಸುಮಾರು 240 ರೂಪಾಯಿ.

ಅದೇ ದಿನ, ಅದೇ ಸರ್ಕಾರದ ಹೆಸರಿನಲ್ಲಿ ಹೊರದೇಶಗಳಲ್ಲಿದ್ದ ಹೂಡಿಕೆ, ಹೊರಗಿನವರ ಅಂದಾಜಿನ ಪ್ರಕಾರ, 50,000 ಕೋಟಿ ಡಾಲರ್‌ಗೂ ಹೆಚ್ಚು. ಕುವೈತ್ ಪ್ರಜೆಗಳ ಸಂಖ್ಯೆ 15 ಲಕ್ಷದ ಒಳಗೆ. ಹಂಚಿದರೆ ತಲೆಗೆ ಮೂರು ಲಕ್ಷ ಡಾಲರ್‌ಗಿಂತ ಮೇಲೆ ಬರುತ್ತದೆ. ಇಷ್ಟಿರುವ ಮನೆಯಲ್ಲಿ ತಿಂಗಳ ಸಂಬಳಕ್ಕೆ ತತ್ವಾರ ಬಂದದ್ದು ಹೇಗೆ?

ಎಣ್ಣೆ ಬೆಲೆ ಬಿತ್ತು, ಕೊರೊನಾ ಬಂತು ಎನ್ನುವುದು ಅರ್ಧ ಉತ್ತರ. ಸೌದಿ, ಅಬುಧಾಬಿ, ಕತಾರ್‌ಗಳಿಗೂ ಅದೇ ಪೆಟ್ಟು ಬಿದ್ದಿತ್ತು. ಅವು ಮಾರುಕಟ್ಟೆಗೆ ಹೋಗಿ ಬಾಂಡ್ ಮಾರಿ ದುಡ್ಡು ತಂದವು. ಕುವೈತ್‌ಗೆ ಅದು ಆಗಲಿಲ್ಲ. ಸಾಲ ಕೊಡುವವರು ಇರಲಿಲ್ಲವೆಂದಲ್ಲ, ಸಾಲ ತರಲು ಕಾಯ್ದೆ ಇರಲಿಲ್ಲ. ಈ ಬಿಕ್ಕಟ್ಟು ಹುಟ್ಟಿದ್ದು ದುಡ್ಡಿನ ಕೊರತೆಯಿಂದಲ್ಲ, ಬೀಗದ ಕೈ ಯಾರ ಬಳಿ ಇರಬೇಕು ಎಂಬ ಜಗಳದಿಂದ. ಜಗಳ ಎಂಟು ವರ್ಷ ನಡೆಯಿತು.

ಎರಡು ಖಾತೆ, ಎರಡು ಸ್ವಭಾವ

ಕುವೈತ್‌ನ ದುಡ್ಡು ಎರಡು ಕಡೆ ಇರುತ್ತದೆ. ಮೊದಲನೆಯದು ಸಾಮಾನ್ಯ ಮೀಸಲು ನಿಧಿ. ಎಣ್ಣೆ ಮಾರಿದ ಹಣವೆಲ್ಲ ಮೊದಲು ಬಂದು ಬೀಳುವುದು ಇಲ್ಲಿಗೆ. ಸಂಬಳ, ಸಬ್ಸಿಡಿ, ಗುತ್ತಿಗೆದಾರರ ಬಿಲ್ಲು, ಆಸ್ಪತ್ರೆ, ಸೈನ್ಯ ಎಲ್ಲಕ್ಕೂ ಹೊರಡುವುದೂ ಇಲ್ಲಿಂದಲೇ. ನಮ್ಮ ಅಡುಗೆಮನೆಯ ಸಾಸಿವೆ ಡಬ್ಬಿ ಇದ್ದ ಹಾಗೆ: ದಿನದ ಖರ್ಚಿಗೆ ಕೈ ಹಾಕುವ ಜಾಗ.

ಎರಡನೆಯದು ಭವಿಷ್ಯದ ಪೀಳಿಗೆಗಳ ನಿಧಿ. 1976ರ 106ನೇ ಕಾಯ್ದೆಯಿಂದ ಹುಟ್ಟಿದ್ದು. ಅಂದು ಸಾಮಾನ್ಯ ನಿಧಿಯಲ್ಲಿದ್ದ ಮೊತ್ತದ ಅರ್ಧವನ್ನು ಎತ್ತಿ ಅದಕ್ಕೆ ಹಾಕಿದರು. ಮುಂದೆ ಪ್ರತಿವರ್ಷ ರಾಜ್ಯದ ಆದಾಯದ ಶೇ 10 ಅಲ್ಲಿಗೆ ಹೋಗಬೇಕು, ಅಲ್ಲಿಂದ ತೆಗೆಯುವ ಹಾಗಿಲ್ಲ. ಎಣ್ಣೆ ಬೆಲೆ ಏರಿದ್ದ ದಿನಗಳಲ್ಲಿ, 2012–13ರಿಂದ ಕೆಲವು ವರ್ಷ, ಪಾಲು ಶೇ 25ಕ್ಕೆ ಏರಿ ಮತ್ತೆ 10ಕ್ಕೆ ಇಳಿಯಿತು. ಇದು ಕಣಜ. ಎರಡನ್ನೂ ನೋಡಿಕೊಳ್ಳುವುದು 1982ರಲ್ಲಿ ಸ್ಥಾಪನೆಯಾದ ಕುವೈತ್ ಹೂಡಿಕೆ ಪ್ರಾಧಿಕಾರ. ಅದರ ಬೇರು ಇನ್ನೂ ಹಿಂದಿನದು: 1953ರಲ್ಲಿ, ಸ್ವಾತಂತ್ರ್ಯಕ್ಕೆ ಎಂಟು ವರ್ಷ ಮೊದಲೇ, ಲಂಡನ್ನಿನಲ್ಲಿ ಕುವೈತ್‌ನ ಹೂಡಿಕೆ ಮಂಡಳಿ ಕೆಲಸ ಶುರು ಮಾಡಿತ್ತು. ಪೇಟೆಯಲ್ಲಿ ಆಗ ನಡೆಯುತ್ತಿದ್ದ ನಾಣ್ಯ ನಮ್ಮ ರೂಪಾಯಿ. 1961ರಲ್ಲಿ ದೀನಾರ್ ಬರುವ ತನಕ ಕುವೈತ್‌ನಲ್ಲಿ ನಡೆದದ್ದು ರೂಪಾಯಿಯೇ, ಕೊನೆಯ ಎರಡು ವರ್ಷ ಭಾರತೀಯ ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ ಅಚ್ಚು ಹಾಕಿದ ನೋಟು.

ಕಣಜಕ್ಕೆ ಇಷ್ಟು ಗಟ್ಟಿ ಬೀಗ ಏಕೆ ಎಂಬುದಕ್ಕೆ 1990 ಉತ್ತರ ಕೊಡುತ್ತದೆ. ಆಗಸ್ಟ್ 2ರಂದು ಇರಾಕ್ ಸೈನ್ಯ ನುಗ್ಗಿತು. ಆಳುವ ಮನೆತನ ಸೌದಿಯ ತಾಯಿಫ್‌ನಲ್ಲಿ ಕೂತು ಸರ್ಕಾರ ನಡೆಸಿತು. ನೆಲ ಇಲ್ಲ, ಎಣ್ಣೆ ಇಲ್ಲ, ಆದರೆ ಹೊರದೇಶದ ಹೂಡಿಕೆ ಇತ್ತು. ದೇಶ ಬಿಟ್ಟ ಪ್ರಜೆಗಳಿಗೆ ಭತ್ಯೆ, ಮಿತ್ರಪಡೆಗಳ ವೆಚ್ಚದ ಪಾಲು, ವಿಮೋಚನೆಯ ಬಳಿಕ ಉರಿಯುತ್ತಿದ್ದ 600ಕ್ಕೂ ಹೆಚ್ಚು ಎಣ್ಣೆ ಬಾವಿಗಳನ್ನು ಆರಿಸಿ ದೇಶ ಕಟ್ಟಿದ ಖರ್ಚು, ಎಲ್ಲವೂ ಅದರಿಂದಲೇ. ಕಾಯ್ದೆ ತಿದ್ದಿ ತೆಗೆದ ಮೊತ್ತ 8,000 ಕೋಟಿ ಡಾಲರ್‌ಗೂ ಹೆಚ್ಚು. ಆದ್ದರಿಂದ ಕುವೈತ್‌ನವರಿಗೆ ಈ ನಿಧಿ ಬರೀ ಉಳಿತಾಯವಲ್ಲ, ದೇಶವೇ ಇಲ್ಲವಾದ ಏಳು ತಿಂಗಳು ದೇಶವಾಗಿ ನಿಂತದ್ದು ಅದೇ. ಸಂಬಳ ಕೊಡಲು ಅದನ್ನು ಒಡೆಯೋಣ ಎಂದರೆ ದಿವಾನಿಯಾಗಳಲ್ಲಿ, ಅಂದರೆ ಸಂಜೆ ಗಂಡಸರು ಕೂಡುವ ಮನೆಯ ಜಗಲಿಗಳಲ್ಲಿ, ಸಿಟ್ಟೇಳುವುದು ಸಹಜ. ಆ ಬೀಗ ಸರಿಯಾದ ಬೀಗ. ತಪ್ಪು ಇದ್ದದ್ದು ಬೇರೆ ಕಡೆ.

ಡಬ್ಬಿ ಬರಿದಾದದ್ದು

ಲೆಕ್ಕದ ವರ್ಷ ಏಪ್ರಿಲ್‌ನಿಂದ ಮಾರ್ಚ್. 2019–20ರಲ್ಲಿ ಆದಾಯ ಸುಮಾರು 1,720 ಕೋಟಿ ದೀನಾರ್, ಖರ್ಚು ಸುಮಾರು 2,110 ಕೋಟಿ. ಕೊರತೆ 390 ಕೋಟಿ. ಆದರೆ ಕಾಯ್ದೆ ಕೊರತೆಯನ್ನು ನೋಡುತ್ತಿರಲಿಲ್ಲ, ಆದಾಯವನ್ನಷ್ಟೇ ನೋಡುತ್ತಿತ್ತು. ಆದಾಯದ ಶೇ 10, ಅಂದರೆ 172 ಕೋಟಿ, ಮೊದಲು ಕಣಜಕ್ಕೆ ಹೋಗಬೇಕು. ಡಬ್ಬಿಗೆ ಬಿದ್ದ ಹೊರೆ ಸುಮಾರು 560 ಕೋಟಿಗೆ ಏರಿತು. 2014ರಲ್ಲಿ ಎಣ್ಣೆ ಬೆಲೆ ಕುಸಿದಂದಿನಿಂದ ಇದೇ ನಡೆಯಿತು: ಬರಿದಾಗುತ್ತಿರುವ ಡಬ್ಬಿಯಿಂದ ಪ್ರತಿವರ್ಷ ತುಂಬಿದ ಕಣಜಕ್ಕೆ ಸುರಿದದ್ದು.

ಖರ್ಚನ್ನು ಇಳಿಸಬಹುದಿತ್ತಲ್ಲ ಎಂದರೆ ಖರ್ಚಿನ ಒಳಗನ್ನು ನೋಡಬೇಕು. ಸುಮಾರು ಮುಕ್ಕಾಲು ಭಾಗ ಸಂಬಳ ಮತ್ತು ಸಬ್ಸಿಡಿ. ದುಡಿಯುವ ಕುವೈತ್ ಪ್ರಜೆಗಳಲ್ಲಿ ಹತ್ತಕ್ಕೆ ಎಂಟರಷ್ಟು ಮಂದಿ ಸರ್ಕಾರಿ ಕೆಲಸದಲ್ಲಿದ್ದಾರೆ. ಕರೆಂಟ್ ಬಿಲ್ಲನ್ನೇ ನೋಡಿ. ಪ್ರಜೆಗಳ ಮನೆಗೆ ಯೂನಿಟ್‌ಗೆ 2 ಫಿಲ್ಸ್. ಸಾವಿರ ಫಿಲ್ಸ್‌ಗೆ ಒಂದು ದೀನಾರ್. ಈ ದರ ನಿಗದಿಯಾದದ್ದು 1966ರಲ್ಲಿ, ಅದು ಇವತ್ತಿಗೂ ಬದಲಾಗಿಲ್ಲ. 50 ಡಿಗ್ರಿ ಬಿಸಿಲಿನ ಆಗಸ್ಟ್‌ನಲ್ಲಿ ದೊಡ್ಡ ಮನೆಯೊಂದು ಹಗಲೂ ರಾತ್ರಿ ಎಸಿ ಓಡಿಸಿ 10,000 ಯೂನಿಟ್ ಉರಿಸಿದರೂ ಬಿಲ್ಲು 20 ದೀನಾರ್. ಉತ್ಪಾದನೆಯ ಖರ್ಚು ಅದರ ಹತ್ತಾರು ಪಾಲು. ಮಿಕ್ಕದ್ದು ಖಜಾನೆಯ ಮೇಲೆ. ಹೀಗೆ ಅಗ್ಗವಾದದ್ದನ್ನು ಯಾರೂ ಅಳೆದು ಬಳಸುವುದಿಲ್ಲ, ಬೇಡಿಕೆ ಬೆಳೆಯುತ್ತಲೇ ಹೋಗುತ್ತದೆ, ಸ್ಥಾವರ ಕಟ್ಟಲು ದುಡ್ಡು ಸಾಲುವುದಿಲ್ಲ. 2024ರ ಜೂನ್‌ನಲ್ಲಿ ಜಗತ್ತಿನ ಅತಿ ದೊಡ್ಡ ಎಣ್ಣೆ ನಿಕ್ಷೇಪಗಳಲ್ಲೊಂದಾದ ಬುರ್ಗಾನ್ ಇರುವ ದೇಶ ಪಾಳಿಯ ಮೇಲೆ ಕರೆಂಟ್ ತೆಗೆಯಬೇಕಾಯಿತು.

ದರ ಏರಿಸಿದರೆ ಏನಾಗುತ್ತದೆಂದು 2016ರಲ್ಲೇ ಗೊತ್ತಾಗಿತ್ತು. ಆ ಸೆಪ್ಟೆಂಬರ್‌ನಲ್ಲಿ 91 ಆಕ್ಟೇನ್ ಪೆಟ್ರೋಲನ್ನು ಲೀಟರಿಗೆ 60 ಫಿಲ್ಸ್‌ನಿಂದ 85ಕ್ಕೆ, 95 ಆಕ್ಟೇನನ್ನು 65ರಿಂದ 105ಕ್ಕೆ ಏರಿಸಿದರು. ಅಕ್ಟೋಬರ್‌ನಲ್ಲಿ ಸಂಸತ್ತು ವಿಸರ್ಜನೆಯಾಯಿತು. ನವೆಂಬರ್ ಚುನಾವಣೆಯಲ್ಲಿ ವಿರೋಧಿಗಳು ದೊಡ್ಡ ಸಂಖ್ಯೆಯಲ್ಲಿ ಗೆದ್ದು ಬಂದರು.

ನೆರೆಯವರೊಡನೆ ಮನಸ್ತಾಪದ ಬೆಲೆಯೂ ಇದೇ ಡಬ್ಬಿಯ ಮೇಲೆ ಬಿತ್ತು, ಇದನ್ನು ಬಹಳ ಮಂದಿ ಮರೆಯುತ್ತಾರೆ. ಸೌದಿ–ಕುವೈತ್ ನಡುವಿನ ತಟಸ್ಥ ವಲಯದ ಎಣ್ಣೆಯನ್ನು ಎರಡೂ ದೇಶ ಅರ್ಧರ್ಧ ಹಂಚಿಕೊಳ್ಳುತ್ತವೆ. ಒಟ್ಟು ದಿನಕ್ಕೆ ಸುಮಾರು 5 ಲಕ್ಷ ಪೀಪಾಯಿ. ವಫ್ರಾ ಕ್ಷೇತ್ರದಲ್ಲಿ ಶೆವ್ರಾನ್ ಕಂಪನಿಯ ಗುತ್ತಿಗೆಯನ್ನು ಸೌದಿ 2009ರಲ್ಲಿ ತನ್ನನ್ನು ಕೇಳದೆ ಮುಂದುವರಿಸಿತು ಎಂದು ಕುವೈತ್ ಮುನಿಸಿಕೊಂಡಿತು. 2014ರ ಅಕ್ಟೋಬರ್‌ನಲ್ಲಿ ಅದೇ ವಲಯದ ಖಫ್ಜಿ ಕ್ಷೇತ್ರ, 2015ರ ಮೇನಲ್ಲಿ ವಫ್ರಾ ನಿಂತವು. ರಾಜಿಯಾದದ್ದು 2019ರ ಡಿಸೆಂಬರ್ 24ರಂದು. ಅಂದರೆ ನಾಲ್ಕೈದು ವರ್ಷ ದಿನಕ್ಕೆ ಎರಡೂವರೆ ಲಕ್ಷ ಪೀಪಾಯಿಯ ಪಾಲು ನೆಲದೊಳಗೇ ಉಳಿಯಿತು. ಮತ್ತೆ ಎಣ್ಣೆ ಹರಿಯುವ ಹೊತ್ತಿಗೆ ಎಣ್ಣೆ ಮಾರುವ ದೇಶಗಳ ಒಪೆಕ್ ಕೂಟದ 2020ರ ಮೇ ಕಡಿತ ಬಂದು ಕುವೈತ್‌ನ ಮಿತಿ ಸುಮಾರು 28 ಲಕ್ಷದಿಂದ 21.7 ಲಕ್ಷ ಪೀಪಾಯಿಗೆ ಇಳಿದಿತ್ತು. ಏಪ್ರಿಲ್‌ನಲ್ಲಿ ಜಗತ್ತಿನ ಮಾನದಂಡವಾದ ಬ್ರೆಂಟ್ ಕಚ್ಚಾ ಎಣ್ಣೆಯ ಬೆಲೆ 20 ಡಾಲರ್‌ಗಿಂತ ಕೆಳಗೆ ಹೋಗಿತ್ತು.

ಕಾಯ್ದೆ ಏಕೆ ಆಗಲಿಲ್ಲ

1962ರ ಸಂವಿಧಾನದ 136ನೇ ವಿಧಿಯ ಪ್ರಕಾರ ಸಾರ್ವಜನಿಕ ಸಾಲವನ್ನು ಕಾಯ್ದೆಯ ಮೂಲಕವೇ ಎತ್ತಬೇಕು. ಹಳೆಯ ಕಾಯ್ದೆ 1,000 ಕೋಟಿ ದೀನಾರ್ ತನಕ, ಹೆಚ್ಚೆಂದರೆ 10 ವರ್ಷದ ಅವಧಿಗೆ ಸಾಲಕ್ಕೆ ಅವಕಾಶ ಕೊಟ್ಟಿತ್ತು. ಅದರ ಬಲದ ಮೇಲೆ 2017ರ ಮಾರ್ಚ್‌ನಲ್ಲಿ ಕುವೈತ್ ಮೊದಲ ಬಾರಿಗೆ ಅಂತರರಾಷ್ಟ್ರೀಯ ಬಾಂಡ್ ಮಾರಿ 800 ಕೋಟಿ ಡಾಲರ್ ತಂದಿತು: ಐದು ವರ್ಷಕ್ಕೆ ಶೇ 2.75ರ ಬಡ್ಡಿಯಲ್ಲಿ 350 ಕೋಟಿ, ಹತ್ತು ವರ್ಷಕ್ಕೆ ಶೇ 3.5ರಲ್ಲಿ 450 ಕೋಟಿ. ಅದೇ ಅಕ್ಟೋಬರ್‌ನಲ್ಲಿ ಕಾಯ್ದೆಯ ಅವಧಿ ಮುಗಿಯಿತು. ಹೊಸದು ಬರಲಿಲ್ಲ.

ಸರ್ಕಾರದ ವಾದ ಸರಳ. ಶೇ 3ರ ಬಡ್ಡಿಗೆ ಸಾಲ ಸಿಗುವಾಗ, ಅದಕ್ಕಿಂತ ಹೆಚ್ಚು ಗಳಿಸುತ್ತಿರುವ ಕಣಜವನ್ನು ಏಕೆ ಒಡೆಯಬೇಕು? 2,000 ಕೋಟಿ ದೀನಾರ್ ತನಕ, 30 ವರ್ಷದವರೆಗೆ ಸಾಲ ಮಾಡಲು ಅನುಮತಿ ಕೊಡಿ. ಲೆಕ್ಕವಾಗಿ ಇದು ಸರಿ.

ಸಂಸತ್ತಿನ ಉತ್ತರವೂ ತೂಕದ್ದೇ ಆಗಿತ್ತು. ತಂದ ಸಾಲ ಎಲ್ಲಿಗೆ ಹೋಗುತ್ತದೆ? ಮೊದಲು ಸೋರಿಕೆ ನಿಲ್ಲಿಸಿ. 2019ರ ನವೆಂಬರ್‌ನಲ್ಲಿ ಸೈನ್ಯದ ನೆರವು ನಿಧಿಯಲ್ಲಿ 24 ಕೋಟಿ ದೀನಾರ್ ದುರ್ಬಳಕೆಯಾಗಿದೆ ಎಂದು ರಕ್ಷಣಾ ಸಚಿವರೇ ಬಹಿರಂಗವಾಗಿ ಆರೋಪಿಸಿ, ಮಂತ್ರಿಮಂಡಲವೇ ಬಿದ್ದಿತ್ತು. ಅಂಥ ಹೊತ್ತಿನಲ್ಲಿ ಮೂವತ್ತು ವರ್ಷದ ಸಾಲಕ್ಕೆ ಖಾಲಿ ಚೆಕ್ಕು ಬರೆದುಕೊಡಿ ಎಂದರೆ ಯಾರು ಬರೆದುಕೊಟ್ಟಾರು? ಇನ್ನೊಂದು ಕಡೆ, ಇದೇ ಸದಸ್ಯರು ಪೆಟ್ರೋಲ್ ದರ ಏರಿಸಬೇಡಿ, ತೆರಿಗೆ ಬೇಡ, ಪ್ರಜೆಗಳ ಖಾಸಗಿ ಸಾಲವನ್ನು ಸರ್ಕಾರವೇ ತೀರಿಸಲಿ ಎಂದೂ ಪಟ್ಟು ಹಿಡಿದಿದ್ದರು. ಈ ಕೊನೆಯ ಬೇಡಿಕೆಯ ಒತ್ತಡದಲ್ಲೇ 2023ರ ಜನವರಿಯಲ್ಲಿ ಇನ್ನೊಂದು ಸರ್ಕಾರ ರಾಜೀನಾಮೆ ಕೊಟ್ಟಿತು. ಸೌದಿ ಮತ್ತು ಎಮಿರೇಟ್ಸ್ 2018ರ ಜನವರಿ 1ರಿಂದ ಶೇ 5ರ ಮೌಲ್ಯವರ್ಧಿತ ತೆರಿಗೆ ಹಾಕಿದವು. ಕುವೈತ್ ಹಾಕಲಿಲ್ಲ.

ಇದಕ್ಕೆ ವ್ಯಕ್ತಿಗಳನ್ನು ದೂರಿ ಫಲವಿಲ್ಲ, ರಚನೆಯೇ ಹಾಗಿತ್ತು. 50 ಸದಸ್ಯರನ್ನು ಜನ ಆರಿಸುತ್ತಿದ್ದರು. ಪ್ರಧಾನಿಯನ್ನು ದೇಶದ ದೊರೆಯಾದ ಅಮೀರರು ನೇಮಿಸುತ್ತಾರೆ, ಪ್ರಧಾನಿಯೂ ಆಳುವ ಸಬಾಹ್ ಮನೆತನದವರೇ. ರಾಜಕೀಯ ಪಕ್ಷಗಳಿಗೆ ಕಾನೂನಿನ ಮಾನ್ಯತೆ ಇಲ್ಲ, ಹಾಗಾಗಿ ಪ್ರಧಾನಿಗೆ ಸದನದಲ್ಲಿ ತನ್ನದೆನ್ನುವ ಬಹುಮತವೂ ಇರುತ್ತಿರಲಿಲ್ಲ. ಮಂತ್ರಿಗಳು ಪದನಿಮಿತ್ತ ಸದಸ್ಯರಾಗಿ ಕಾಯ್ದೆಗಳ ಮೇಲೆ ಮತ ಹಾಕಬಹುದಿತ್ತು, ವಿಶ್ವಾಸದ ಪ್ರಶ್ನೆಯಲ್ಲಿ ಹಾಕುವಂತಿರಲಿಲ್ಲ. ಸದಸ್ಯನ ಕೈಲಿದ್ದ ದೊಡ್ಡ ಅಸ್ತ್ರ ಇಸ್ತಿಜ್ವಾಬ್, ಅಂದರೆ ಮಂತ್ರಿಯನ್ನು ವೇದಿಕೆಗೆ ಕರೆದು ಪಾಟೀಸವಾಲು ಮಾಡುವುದು. ತಡೆಯುವ ಶಕ್ತಿ ಸಂಸತ್ತಿಗೆ ಪೂರ್ತಿ ಇತ್ತು, ಆಳುವ ಹೊಣೆ ಒಂದಿಷ್ಟೂ ಇರಲಿಲ್ಲ. ಹೊಣೆಯಿಲ್ಲದ ಸದಸ್ಯ ಮತದಾರನಿಗೆ ಕೊಡಿಸಬಲ್ಲದ್ದು ಸೌಲಭ್ಯ ಮಾತ್ರ. ಅದನ್ನೇ ಕೇಳುತ್ತಾನೆ.

2021ರಲ್ಲಿ ಇದು ಕಣ್ಣಿಗೆ ಕಾಣುವ ರೂಪ ಪಡೆಯಿತು. ಸದನದ ಮುಂದಿನ ಸಾಲು ಮಂತ್ರಿಗಳದು. ವಿರೋಧಿ ಸದಸ್ಯರು ಹೋಗಿ ಆ ಕುರ್ಚಿಗಳಲ್ಲಿ ಕೂತರು. ಕೂರಲು ಜಾಗವಿಲ್ಲವೆಂದು ಮಂತ್ರಿಗಳು ಬರಲಿಲ್ಲ. ಸರ್ಕಾರ ಹಾಜರಿಲ್ಲದೆ ಅಧಿವೇಶನ ನಡೆಸುವ ರೂಢಿಯಿಲ್ಲವಾದ್ದರಿಂದ ಕಲಾಪ ಮುಂದೂಡಿದರು. ಇದು ಮತ್ತೆ ಮತ್ತೆ ಆಯಿತು. ಜೂನ್ 22ರ ವಿಶೇಷ ಅಧಿವೇಶನದಲ್ಲಿ 2,300 ಕೋಟಿ ದೀನಾರ್ ಖರ್ಚಿನ ಬಜೆಟ್ ಅನುಮೋದನೆ ಪಡೆದದ್ದು ಸದಸ್ಯರು ಕೈಕೈ ಮಿಲಾಯಿಸುತ್ತಿದ್ದ ಗದ್ದಲದ ನಡುವೆ. ಸಾಲದ ಕಾಯ್ದೆ ಆ ಸದನದಿಂದ ಹೊರಬರುವ ಲಕ್ಷಣವೇ ಇರಲಿಲ್ಲ.

ಸಂಬಳ ನಿಲ್ಲದಂತೆ ನೋಡಿಕೊಂಡದ್ದು ಹೀಗೆ

ಅಕ್ಟೋಬರ್ ಬಂತು, ಹೋಯಿತು. ಸಂಬಳ ನಿಲ್ಲಲಿಲ್ಲ. 2020ರ ಆಗಸ್ಟ್‌ನಲ್ಲೇ ಸಂಸತ್ತು ಒಂದು ಕೆಲಸ ಮಾಡಿಕೊಟ್ಟಿತ್ತು: ಶೇ 10ರ ಪಾಲು ಇನ್ನು ಮಿಗತೆಯ ವರ್ಷದಲ್ಲಿ ಮಾತ್ರ, ಕೊರತೆಯಿದ್ದರೆ ಬೇಡ. ಇದನ್ನು 2018–19ರಿಂದಲೇ ಅನ್ವಯಿಸಿದ್ದರಿಂದ ಹಿಂದೆ ಹೋದ ಹಣವೂ ಡಬ್ಬಿಗೆ ಮರಳಿತು. ಇಡೀ ಪ್ರಕರಣದಲ್ಲಿ ಎರಡೂ ಕಡೆಯವರು ಒಪ್ಪಿ ಮಾಡಿದ ಸುಧಾರಣೆ ಇದೊಂದೇ, ಅದೂ ಅತ್ಯಂತ ವಿವೇಕದ್ದು.

ಅದೂ ಸಾಲದೆ ಬಂದಾಗ ಆಸ್ತಿ ಅದಲುಬದಲು ಶುರುವಾಯಿತು. ಸಾಮಾನ್ಯ ನಿಧಿಯ ಬಳಿ ನಗದು ಇರಲಿಲ್ಲ, ಷೇರುಗಳಿದ್ದವು. ಕಣಜದಿಂದ ನಗದು ತೆಗೆಯುವುದು ನಿಷಿದ್ಧ, ಆದರೆ ಕಣಜ ಹೂಡಿಕೆ ಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಹಾಗಾಗಿ ಒಂದು ಕೈ ಇನ್ನೊಂದು ಕೈಗೆ ಮಾರಿತು. ಕುವೈತ್ ಫೈನಾನ್ಸ್ ಹೌಸ್ ಬ್ಯಾಂಕಿನ ಮತ್ತು ಝೈನ್ ದೂರವಾಣಿ ಕಂಪನಿಯ ಷೇರು, ಕೊನೆಗೆ ಎಣ್ಣೆ ಮಾರುವ ಕುವೈತ್ ಪೆಟ್ರೋಲಿಯಂ ಕಾರ್ಪೊರೇಷನ್ನಿನ ಒಡೆತನ ಕೂಡ ಕಣಜದ ಪುಸ್ತಕಕ್ಕೆ ಹೋಯಿತು, ಬದಲಿಗೆ ನಗದು ಡಬ್ಬಿಗೆ ಬಂತು. ಕಾಯ್ದೆಯ ಅಕ್ಷರ ಮುರಿಯಲಿಲ್ಲ. ಆದರೆ ಒಮ್ಮೆ ಮಾರಿದ್ದನ್ನು ಮತ್ತೆ ಮಾರಲಾಗದು. 2021ರ ಆರಂಭದ ಹೊತ್ತಿಗೆ ಸಾಮಾನ್ಯ ನಿಧಿಯಲ್ಲಿ ಮಾರಬಲ್ಲ ಒಳ್ಳೆಯ ಆಸ್ತಿ ಮುಗಿಯುತ್ತ ಬಂದಿತ್ತು. 2020–21ರ ಕೊರತೆ 1,080 ಕೋಟಿ ದೀನಾರ್ ಮುಟ್ಟಿತು. ಆದಾಯ 1,050 ಕೋಟಿ, ಖರ್ಚು 2,130 ಕೋಟಿ. ಗಳಿಸಿದ ಪ್ರತಿ ದೀನಾರ್‌ಗೆ ಎರಡು ಖರ್ಚು.

ಮೂರನೆಯ ದಾರಿ ಎಲ್ಲ ಸರ್ಕಾರಗಳೂ ಹಿಡಿಯುವುದು: ಗುತ್ತಿಗೆದಾರರ ಬಿಲ್ಲು ತಡೆಯುವುದು. ಇದರ ನೋವು ಕುವೈತ್ ಪ್ರಜೆಯನ್ನು ಮುಟ್ಟಲಿಲ್ಲ. ಮಂತ್ರಾಲಯ ಮುಖ್ಯ ಗುತ್ತಿಗೆದಾರನಿಗೆ ಕೊಡುವುದಿಲ್ಲ, ಅವನು ಉಪಗುತ್ತಿಗೆದಾರನಿಗೆ ಕೊಡುವುದಿಲ್ಲ, ಅವನು ಸ್ವಚ್ಛತೆಯವನಿಗೆ, ಕಾವಲುಗಾರನಿಗೆ, ವೆಲ್ಡರ್‌ಗೆ ಕೊಡುವುದಿಲ್ಲ. ಇಕಾಮಾ, ಅಂದರೆ ವಾಸದ ಪರವಾನಗಿ, ಕಫೀಲನ, ಅಂದರೆ ಕರೆಸಿಕೊಂಡ ಮಾಲೀಕನ, ಹೆಸರಿಗೆ ಅಂಟಿಕೊಂಡಿರುವುದರಿಂದ ಕೆಲಸ ಬಿಟ್ಟು ಬೇರೆ ಕಡೆ ಸೇರುವುದೂ ಸುಲಭವಲ್ಲ. ಕುವೈತ್‌ನ ವಿದೇಶಿಯರಲ್ಲಿ ಅತಿ ಹೆಚ್ಚಿನವರು ಭಾರತೀಯರು, ಸುಮಾರು 10 ಲಕ್ಷ. ಕರಾವಳಿಯ ಮಂಗಳೂರು, ಉಡುಪಿ, ಭಟ್ಕಳ ಕಡೆಯ ಮನೆಗಳು ಕುವೈತ್‌ನ ಲೆಕ್ಕಪತ್ರವನ್ನು ಓದಬೇಕಾದದ್ದು ಇದಕ್ಕೇ: ಅಲ್ಲಿ ಬೊಕ್ಕಸ ಬಿಗಿಯಾದರೆ ಮೊದಲು ತಡವಾಗುವುದು ಇಲ್ಲಿಗೆ ಬರುವ ತಿಂಗಳ ಹಣ. ಅದೇ 2020ರ ಜುಲೈನಲ್ಲಿ ಭಾರತೀಯರ ಸಂಖ್ಯೆ ಜನಸಂಖ್ಯೆಯ ಶೇ 15 ಮೀರಬಾರದೆಂಬ ಕರಡು ಮಸೂದೆ ಸಂಸತ್ತಿನ ಸಮಿತಿಯಲ್ಲಿತ್ತು. ಹಾಗೇ ಜಾರಿಯಾಗಿದ್ದರೆ ಸುಮಾರು 8 ಲಕ್ಷ ಮಂದಿ ಹೊರಡಬೇಕಾಗುತ್ತಿತ್ತು ಎಂಬ ಅಂದಾಜು ಆಗ ಎಲ್ಲ ಪತ್ರಿಕೆಗಳಲ್ಲಿ ಬಂದಿತ್ತು. ಕೊನೆಗೆ ಬಂದ ಕಾಯ್ದೆ ಸಂಖ್ಯೆ ನಿಗದಿಯನ್ನು ಸರ್ಕಾರಕ್ಕೇ ಬಿಟ್ಟಿತು.

ದೀನಾರ್ ಮಾತ್ರ ಅಲುಗಲಿಲ್ಲ. 2007ರ ಮೇ ತಿಂಗಳಿಂದ ಅದು ಹಲವು ಕರೆನ್ಸಿಗಳ ಗೊಂಚಲಿಗೆ ಕಟ್ಟಿಕೊಂಡಿದೆ, ಕೇಂದ್ರ ಬ್ಯಾಂಕಿನ ವಿದೇಶಿ ಮೀಸಲು ಬೇರೆಯೇ ಲೆಕ್ಕ. ಪೆಟ್ಟು ಬಿದ್ದದ್ದು ಹೆಸರಿಗೆ. 2020ರ ಸೆಪ್ಟೆಂಬರ್‌ನಲ್ಲಿ, ದೇಶಗಳ ಸಾಲ ತೀರಿಸುವ ಶಕ್ತಿಗೆ ದರ್ಜೆ ಕೊಡುವ ಮೂಡೀಸ್ ಸಂಸ್ಥೆ ಕುವೈತ್‌ನ ದರ್ಜೆಯನ್ನು ಎರಡು ಮೆಟ್ಟಿಲು ಇಳಿಸಿತು. ಎಸ್ ಆ್ಯಂಡ್ ಪಿ 2021ರ ಜುಲೈನಲ್ಲಿ, ಫಿಚ್ 2022ರ ಜನವರಿಯಲ್ಲಿ ಇಳಿಸಿದವು. ಯಾರೂ ಕುವೈತ್ ಬಡವಾಗಿದೆ ಎನ್ನಲಿಲ್ಲ. ಆಸ್ತಿಯಿದ್ದೂ ತೀರ್ಮಾನ ತೆಗೆದುಕೊಳ್ಳಲಾಗದ ದೇಶ ಎಂದೇ ದರ್ಜೆ ಇಳಿಸಿದ್ದು.

ಆಮೇಲೆ ಎಣ್ಣೆ ಬೆಲೆ ಏರಿತು. 2022ರಲ್ಲಿ ಬ್ರೆಂಟ್ 100 ಡಾಲರ್ ದಾಟಿತು. 2022–23ರಲ್ಲಿ 640 ಕೋಟಿ ದೀನಾರ್ ಮಿಗತೆ, ಒಂಬತ್ತು ವರ್ಷಗಳಲ್ಲಿ ಮೊದಲನೆಯದು. ಸಾಲದ ಕಾಯ್ದೆಯ ಮಾತು ಹಿಂದೆ ಸರಿಯಿತು. ಒಂದೇ ವರ್ಷ. 2023–24ರಲ್ಲಿ ಮತ್ತೆ 156 ಕೋಟಿ ಕೊರತೆ.

ಬೀಗದ ಕೈ ಕೈ ಬದಲಾಯಿಸಿದ್ದು

ಅಷ್ಟರೊಳಗೆ ಚುನಾವಣೆಯ ಮೇಲೆ ಚುನಾವಣೆ. 2022ರ ಸೆಪ್ಟೆಂಬರ್‌ನ ಸಂಸತ್ತನ್ನು 2023ರ ಮಾರ್ಚ್‌ನಲ್ಲಿ ಸಾಂವಿಧಾನಿಕ ನ್ಯಾಯಾಲಯ ಅನೂರ್ಜಿತಗೊಳಿಸಿತು. ಜೂನ್‌ನಲ್ಲಿ ಮತ್ತೆ ಮತದಾನ. ಡಿಸೆಂಬರ್‌ನಲ್ಲಿ ಅಮೀರ್ ನವಾಫ್ ತೀರಿಕೊಂಡು ಮಿಶಾಲ್ ಅಲ್ ಅಹ್ಮದ್ ಪಟ್ಟಕ್ಕೆ ಬಂದರು. 2024ರ ಫೆಬ್ರುವರಿಯಲ್ಲಿ ವಿಸರ್ಜನೆ, ಏಪ್ರಿಲ್ 4ಕ್ಕೆ ಚುನಾವಣೆ. ಗೆದ್ದವರು ಅಧಿವೇಶನ ಸೇರುವ ಮೊದಲೇ, ಮೇ 10ರಂದು, ಅಮೀರರು ಸಂಸತ್ತು ವಿಸರ್ಜಿಸಿ 107ನೇ ವಿಧಿ ಸೇರಿ ಸಂವಿಧಾನದ ಕೆಲವು ವಿಧಿಗಳನ್ನು ನಾಲ್ಕು ವರ್ಷ ಮೀರದಂತೆ ಅಮಾನತಿನಲ್ಲಿಟ್ಟರು. ವಿಸರ್ಜನೆಯಾದರೆ ಎರಡು ತಿಂಗಳೊಳಗೆ ಚುನಾವಣೆ ನಡೆಯಬೇಕೆನ್ನುವುದು ಆ 107ನೇ ವಿಧಿಯೇ. 1976ರಲ್ಲಿ, 1986ರಲ್ಲಿ ಹೀಗೆ ಆಗಿತ್ತು. ಇದು ಮೂರನೆಯ ಸಲ.

ನಂತರ ಕೆಲಸಗಳು ಸರಸರ ಆದವು. ವರ್ಷಕ್ಕೆ 75 ಕೋಟಿ ಯೂರೋ ಮೀರಿದ ವಹಿವಾಟಿನ ಬಹುರಾಷ್ಟ್ರೀಯ ಕಂಪನಿಗಳಿಗೆ 2025ರ ಜನವರಿ 1ರಿಂದ ಕನಿಷ್ಠ ಶೇ 15 ತೆರಿಗೆ ಬಂತು. ಮಾರ್ಚ್‌ನಲ್ಲಿ ಸಾಲದ ಕಾಯ್ದೆ ಸುಗ್ರೀವಾಜ್ಞೆಯ ರೂಪದಲ್ಲಿ ಹೊರಬಿತ್ತು: ಮಿತಿ 3,000 ಕೋಟಿ ದೀನಾರ್, ಸಾಲದ ಅವಧಿ 50 ವರ್ಷದವರೆಗೆ. 2020ರಲ್ಲಿ ಸಂಸತ್ತಿನ ಮುಂದೆ ಕೇಳಿದ್ದಕ್ಕಿಂತ ಮೊತ್ತ ಒಂದೂವರೆ ಪಟ್ಟು, ಅವಧಿಯೂ ದೊಡ್ಡದು. ಅದೇ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ಕುವೈತ್ ಎಂಟು ವರ್ಷಗಳ ಬಳಿಕ ಮಾರುಕಟ್ಟೆಗೆ ಮರಳಿ 3, 5 ಮತ್ತು 10 ವರ್ಷದ ಬಾಂಡ್‌ಗಳಿಂದ 1,125 ಕೋಟಿ ಡಾಲರ್ ಎತ್ತಿತು.

ಸಂಸತ್ತು ಅಡ್ಡಿಯಾಗಿತ್ತು, ತೆಗೆದರು, ಸಮಸ್ಯೆ ಬಗೆಹರಿಯಿತು ಎಂದು ಇದನ್ನು ಓದುವವರಿದ್ದಾರೆ. ಆ ಓದು ತಪ್ಪು. ಬಗೆಹರಿದದ್ದು ಸಾಲ ತರುವ ದಾರಿ ಮಾತ್ರ. 2025–26ರ ಬಜೆಟ್‌ನಲ್ಲಿ ಖರ್ಚು 2,450 ಕೋಟಿ ದೀನಾರ್, ಆದಾಯ 1,820 ಕೋಟಿ, ಕೊರತೆ 630 ಕೋಟಿ. ಎಣ್ಣೆ ಬೆಲೆಯನ್ನು ಪೀಪಾಯಿಗೆ 68 ಡಾಲರ್ ಎಂದು ಹಿಡಿದಿದ್ದರು, ಲೆಕ್ಕ ಸರಿದೂಗಲು 90ಕ್ಕೂ ಹೆಚ್ಚು ಬೇಕಿತ್ತು. ಪ್ರಜೆಯ ಮನೆಯ ಕರೆಂಟ್ ಇನ್ನೂ 2 ಫಿಲ್ಸ್. ಸಂಬಳ ಕೊಡಲು ಐವತ್ತು ವರ್ಷದ ಸಾಲ ಮಾಡಿದರೆ ತೀರಿಸುವವರು ಯಾವ ಪೀಳಿಗೆಗೆಂದು ಕಣಜ ಕಟ್ಟಿದರೋ ಆ ಪೀಳಿಗೆಯವರೇ. ತಂದ ಸಾಲ ಎಲ್ಲಿಗೆ ಹೋಗುತ್ತದೆ ಎಂದು 2020ರಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ, ಕೇಳುವ ಸದನ ಇಲ್ಲವಾಗಿದೆ. ಕೊಲ್ಲಿಯ ರಾಜ್ಯಗಳಲ್ಲಿ ಮಂತ್ರಿಯನ್ನು ಎದ್ದು ನಿಲ್ಲಿಸಿ ಲೆಕ್ಕ ಕೇಳುವ ಶಕ್ತಿ ಅತಿ ಹೆಚ್ಚಿದ್ದ ಸಂಸತ್ತು ಅದೇ ಆಗಿತ್ತು. ಎಷ್ಟೇ ಗದ್ದಲವಿರಲಿ, ಅದರ ನಷ್ಟ ಸಣ್ಣದಲ್ಲ.

2017ರಲ್ಲಿ ಮಾರಿದ ಐದು ವರ್ಷದ ಬಾಂಡ್ ಅನ್ನು 2022ರಲ್ಲಿ ತೀರಿಸಬೇಕಾದಾಗ ಹೊಸ ಸಾಲಕ್ಕೆ ಕಾಯ್ದೆಯಿರಲಿಲ್ಲ, ಎಣ್ಣೆ ಬೆಲೆ ಕೈ ಹಿಡಿದಿತ್ತು. ಹತ್ತು ವರ್ಷದ 450 ಕೋಟಿ ಡಾಲರ್ ಬಾಂಡ್‌ನ ಗಡುವು 2027ರ ಮಾರ್ಚ್. ಅದಕ್ಕೆ ಹೊಸ ಸಾಲ ತರಲು ಈಗ ಸಂಸತ್ತಿನ ಒಪ್ಪಿಗೆಗೆ ಕಾಯಬೇಕಿಲ್ಲ. ಸಂಸತ್ತಿನ ಅಮಾನತಿಗೆ ಅಮೀರರು ಹಾಕಿಕೊಂಡ ಗಡುವು 2028ರ ಮೇ.